ಕೋಡ್ ಪೆಟ್ಟಿಗೆಯ ಮೂಲೆಯಲ್ಲಿದ್ದ ‘ನಕಲು’

ನನ್ನ ಜಾಲತಾಣದ ಪಾಠಗಳಲ್ಲಿ ಕೋಡ್ ತೋರಿಸುವ ಪೆಟ್ಟಿಗೆಯನ್ನು ಸರಿಯಾಗಿ ಸಿಂಗರಿಸಿಕೊಡಲು ಕಲಬುರಗಿಯ ವಿನ್ಯಾಸಗಾರ ನಾಲ್ಕು ಸಾವಿರ ರೂಪಾಯಿ ಕೇಳಿದ್ದ. ನಾನು ಒಂದೂವರೆ ಸಾವಿರಕ್ಕೆ ಇಳಿಸಿದೆ. ಕೈಯಲ್ಲಿ ದುಡ್ಡಿರಲಿಲ್ಲ ಎಂದಲ್ಲ. ಯಾರಾದರೂ ಬೆಲೆ ಹೇಳಿದರೆ ಅದರ ಅರ್ಧಕ್ಕಿಂತ ಕೆಳಗೆ ಕೇಳದೆ ನನ್ನ ಬಾಯಿ ಸುಮ್ಮನಿರುವುದಿಲ್ಲ, ಅಷ್ಟೇ. ಉಳಿಸಿದ ಆ ಎರಡೂವರೆ ಸಾವಿರದ ಖರೇ ಬೆಲೆ ನನಗೆ ಗೊತ್ತಾದದ್ದು ಎಂಟು ತಿಂಗಳ ಮೇಲೆ, ಜೇವರ್ಗಿಯಲ್ಲಿ. ಭೂಸನೂರಿನ ಒಬ್ಬ ಹೆಣ್ಣುಮಗಳ ಹೆಸರನ್ನು ‘ಪರೀಕ್ಷೆಯಲ್ಲಿ ನಕಲು ಮಾಡಿದವರು’ ಎಂದು ನೋಟಿಸ್ ಬೋರ್ಡಿಗೆ ಹಚ್ಚಲು ಅಲ್ಲಿ ಕಾಗದ ತಯಾರಾಗುತ್ತಿತ್ತು.

ಪೆಟ್ಟಿಗೆ ಎಂದರೆ ಏನೆಂದು ಮೊದಲು ಹೇಳಿಬಿಡುತ್ತೇನೆ. ಜಾಲಪುಟ ಮಾಡುವುದನ್ನು ಕಲಿಸುವ ಯಾವ ತಾಣಕ್ಕೆ ಹೋದರೂ ಪಾಠದ ಮಾತಿನ ನಡುವೆ ಒಂದು ಚೌಕ ಇರುತ್ತದೆ. ಮಾತು ಓದುವುದಕ್ಕೆ, ಚೌಕದೊಳಗಿನದು ಕಂಪ್ಯೂಟರಿಗೆ ಹೊಡೆಯುವುದಕ್ಕೆ. ಎರಡೂ ಬೇರೆ ಬೇರೆ ಎಂದು ಕಣ್ಣಿಗೆ ತಟ್ಟನೆ ಗೊತ್ತಾಗಲಿ ಎಂದು ಚೌಕಕ್ಕೆ ಕಪ್ಪು ಹಿನ್ನೆಲೆ, ಬೇರೆ ಅಕ್ಷರ, ಸಾಲಿಗೊಂದು ಅಂಕಿ, ಮೂಲೆಯಲ್ಲಿ ಅದನ್ನು ಎತ್ತಿಕೊಳ್ಳಲು ಒಂದು ಗುಂಡಿ ಇಡುತ್ತಾರೆ. ನಾವು ಕ್ಲಾಸಿನಲ್ಲಿ ಅದನ್ನು ಕರಿ ಪೆಟ್ಟಿಗೆ ಎನ್ನುತ್ತೇವೆ.

ವಿನ್ಯಾಸಗಾರನ ನಾಲ್ಕು ಸಾವಿರದೊಳಗೆ ಏನೇನಿತ್ತು ಎಂದು ಈಗ ಬಾಯಿಪಾಠ ಹೇಳಬಲ್ಲೆ. ಅಂಕಿಗಳಿಗೆ ಬೇರೆ ಪಟ್ಟಿ, ಅದೂ ಮಸುಕು ಬಣ್ಣದಲ್ಲಿ. ಗುಂಡಿಗೆ ಪೆಟ್ಟಿಗೆಯ ಹೊರಗೆ ಜಾಗ. ಕೋಡಿನ ಬೇರೆ ಬೇರೆ ಭಾಗಕ್ಕೆ ಬೇರೆ ಬೇರೆ ಬಣ್ಣ. ನಾನು ಒಂದೂವರೆ ಎಂದು ಪಟ್ಟು ಹಿಡಿದಾಗ ಅವನು ಫೋನಿನಲ್ಲಿ ನಕ್ಕಿದ್ದ.

“ಮೇಡಂ, ಅಷ್ಟಕ್ಕ ಬರೀ ಕರಿ ಬಣ್ಣ ಬರ್ತದ ನೋಡ್ರಿ. ಒಳಗಿಂದೆಲ್ಲಾ ಬಿಳಿ.”

“ಬಿಳಿ ಸಾಕಪಾ. ಅಂಕಿ ಮಾತ್ರ ಬಿಡಬ್ಯಾಡ. ಏಳನೇ ಸಾಲು ನೋಡ್ರಿ ಅಂತ ಕ್ಲಾಸಿನ್ಯಾಗ ಹೇಳಾಕ ಬೇಕಾಗ್ತದ.”

“ಅಂಕಿನೂ ಕೋಡಿನ ಸಂಗಡನೇ ಹೊಡೆದು ಇಡ್ತೇನ್ರಿ. ಬಟನ್ನೂ ಒಳಗೇ ಕೂಡ್ತದ. ಆಮ್ಯಾಲ ತಕರಾರು ಮಾಡಬಾರದ್ರಿ ಮತ್ತ.”

ಮಾಡುವುದಿಲ್ಲ ಎಂದೆ. ಹೀಗೆ ಅಂಕಿ, ಗುಂಡಿ, ಕೋಡ್ ಮೂರೂ ಒಂದೇ ಅಕ್ಷರದಲ್ಲಿ, ಒಂದೇ ಬಿಳುಪಿನಲ್ಲಿ, ಒಂದೇ ಕರಿ ಪೆಟ್ಟಿಗೆಯೊಳಗೆ ಕೂತವು. ಗುಂಡಿಯ ಮೇಲೆ ಅವನು ಇಂಗ್ಲಿಷಿನಲ್ಲಿ ಬರೆದದ್ದನ್ನು ತೆಗೆಸಿ ಕನ್ನಡ ಮಾಡಿಸಿದ್ದು ನಾನೇ. ‘ನಕಲು’ ಎಂದು ಹಾಕಿಸಿದೆ.

ಆ ಪದ ನನಗೆ ಗೌರವದ್ದು. ಕಂಪ್ಯೂಟರ್ ಕ್ಲಾಸು ತೆರೆಯುವ ಮೊದಲು ನಾನು ಆಳಂದದ ತಹಸೀಲ್ ಕಚೇರಿ ಎದುರಿಗೆ ಒಂಬತ್ತು ವರ್ಷ ಝೆರಾಕ್ಸ್ ಅಂಗಡಿ ಇಟ್ಟಿದ್ದೆ. ಪಹಣಿ ನಕಲು, ನಕ್ಷೆ ನಕಲು, ತೀರ್ಪಿನ ನಕಲು ಎಂದು ದಿನಕ್ಕೆ ನೂರು ಸಲ ಕೇಳಿಸಿಕೊಂಡಿದ್ದೇನೆ. ನಕಲು ಎಂದರೆ ಮೊಹರು ಹೊಡೆದು ಸಹಿ ಮಾಡಿ ಕೊಡುವ ಕಾಗದ. ಅದು ಕೈಗೆ ಬಂತೆಂದರೆ ಜಮೀನಿನ ಕೆಲಸ ಮುಂದೆ ಸರಿಯಿತು ಎಂದರ್ಥ. ಅದೇ ಪದಕ್ಕೆ ಶಾಲೆಯ ಕಡೆಯಿಂದ ಇನ್ನೊಂದು ಅರ್ಥ ಇದೆ ಎಂದು ನನಗೆ ಹೊಳೆಯಲೇ ಇಲ್ಲ. ನಾನು ಆ ಪದ ಕಲಿತದ್ದು ಕಚೇರಿಯ ಕಟ್ಟೆಯ ಮೇಲೆ, ಪರೀಕ್ಷೆಯ ಕೋಣೆಯಲ್ಲಲ್ಲ.

ಕ್ಲಾಸು ಅಫಜಲಪುರದಲ್ಲಿ ಬುಧವಾರ, ಜೇವರ್ಗಿಯಲ್ಲಿ ಶುಕ್ರವಾರ, ಉಳಿದ ದಿನ ಆಳಂದದಲ್ಲಿ. ಮೂರು ಊರಿಗೂ ಒಂದೇ ಪಾಠ ಮುಟ್ಟಲಿ ಎಂದೇ ಜಾಲತಾಣ ಮಾಡಿಸಿದ್ದೆ. ಬಸ್ಸು ತಪ್ಪಿದವರು ಮನೆಯಲ್ಲಿ ಕೂತು ಮೊಬೈಲಿನಲ್ಲಿ ಓದಿಕೊಳ್ಳಬಹುದು. ಓದುವವರಿಗೆ ನಾನು ಪ್ರತಿ ಸಲ ಹೇಳುತ್ತಿದ್ದ ಮಾತು ಒಂದೇ: “ಕರಿ ಪೆಟ್ಟಿಗಿಯೊಳಗ ಏನದನೋ ಅಷ್ಟೂ ಬರಿಬೇಕು. ಒಂದು ಚುಕ್ಕಿ ಬಿಟ್ರೂ ಪೇಜ್ ಮುರೀತದ.” ಆ ಮಾತನ್ನು ಅಕ್ಷರಕ್ಕೆ ಅಕ್ಷರ ನಂಬಿದವಳು ಭೂಸನೂರಿನ ಈ ಹೆಣ್ಣುಮಗಳು.

ವಯಸ್ಸು ಮೂವತ್ತರ ಹತ್ತಿರ. ಪಿಯುಸಿ ಆಗಿತ್ತು. ಸಕ್ಕರೆ ಕಾರ್ಖಾನೆಯ ಹಂಗಾಮಿನಲ್ಲಿ ಕ್ಯಾಂಟೀನಿನ ಚಪಾತಿ ಲಟ್ಟಿಸುವುದು, ಹಂಗಾಮು ಮುಗಿದರೆ ಕೂಲಿ. ಭಾನುವಾರ ಆಳಂದಕ್ಕೆ ಬರುತ್ತಿದ್ದಳು. ಮೂರು ಕಂಪ್ಯೂಟರಿಗೆ ಎಂಟು ಜನ ಇರುತ್ತಿದ್ದುದರಿಂದ ಎಲ್ಲರೂ ಗುಂಡಿ ಒತ್ತಿ ಕೋಡ್ ಎತ್ತಿ, ಅಂಟಿಸಿ, ಅಲ್ಲಿ ಇಲ್ಲಿ ಬದಲಿಸಿ ಕಲಿಯುತ್ತಿದ್ದರು. ಗುಂಡಿ ಒತ್ತಿದರೆ ಬರೀ ಕೋಡ್ ಬರುತ್ತಿತ್ತು, ಅಂಕಿ ಬರುತ್ತಿರಲಿಲ್ಲ. ಆದ್ದರಿಂದ ಯಾರಿಗೂ ಏನೂ ತೊಂದರೆ ಕಾಣಲಿಲ್ಲ. ಹಿಂದೆ ನಿಂತ ಅವಳ ಪಾಲಿಗೆ ಕೀಲಿಮಣೆ ಬರುವಷ್ಟರಲ್ಲಿ ಬೇರೆಯವರು ಗುಂಡಿ ಒತ್ತಿ ಆಗಿರುತ್ತಿತ್ತು. ಅವಳ ನಿಜವಾದ ಓದು ಮಾತ್ರ ಮನೆಯಲ್ಲಿ, ಮೊಬೈಲ್ ನೋಡಿ ನೋಟ್‌ಬುಕ್ಕಿಗೆ ಇಳಿಸಿಕೊಂಡು ನಡೆಯುತ್ತಿತ್ತು. ಆ ನೋಟ್‌ಬುಕ್ಕನ್ನು ನಾನು ಒಂದು ದಿನವೂ ತೆರೆದು ನೋಡಿರಲಿಲ್ಲ.

ಜೇವರ್ಗಿಯಲ್ಲಿ ತೊಗರಿ ಬೇಳೆ ಮಾರುವ ರೈತರ ಕಂಪನಿಯೊಂದಿದೆ. ಅದರ ಅಫಜಲಪುರ ಶಾಖೆಗೆ, ಕಂಪನಿಯ ಜಾಲತಾಣ ನೋಡಿಕೊಳ್ಳಲು ಒಬ್ಬರು ಬೇಕೆಂದು ಪರೀಕ್ಷೆ ಕರೆದರು. ಖಾಲಿ ಇದ್ದದ್ದು ಒಂದೇ ಕೆಲಸ, ಪರೀಕ್ಷೆಗೆ ಕೂತವರು ಹನ್ನೊಂದು ಜನ. ನಾನೂ ಅವಳ ಜೊತೆ ಹೋದೆ. ಬರೀ ಪ್ರೀತಿಯಿಂದ ಹೋದದ್ದಲ್ಲ; ಕಂಪನಿ ತನ್ನ ಮೂರು ತಾಲೂಕಿನ ಸಿಬ್ಬಂದಿಗೆ ನನ್ನ ಪಾಠಗಳನ್ನು ಕೊಳ್ಳುವ ಮಾತು ನಡೆದಿತ್ತು. ಅಧ್ಯಕ್ಷರನ್ನು ಕಂಡು ಅದನ್ನೂ ಕುದುರಿಸಿಕೊಂಡು ಬರೋಣ ಎಂಬ ಲೆಕ್ಕ ಇತ್ತು.

ಪರೀಕ್ಷೆ ಒಂದು ತಾಸಿನದು. ನೋಟ್‌ಬುಕ್, ಮೊಬೈಲ್ ಎಲ್ಲ ಹೊರಗೆ ಜವಾನನ ಮೇಜಿನ ಮೇಲೆ. ಕಂಪ್ಯೂಟರಿನಲ್ಲಿ ಇಂಟರ್ನೆಟ್ ಇತ್ತು, ಅದರಿಂದ ಏನನ್ನೂ ಎತ್ತಬಾರದು. ಖಾಲಿ ಪರದೆಯಿಂದ ಶುರು ಮಾಡಿ ಕಂಪನಿಯ ತೊಗರಿ ಬೇಳೆ ಕುರಿತು ಕನ್ನಡದಲ್ಲಿ ಒಂದು ಪುಟ ಮಾಡಬೇಕು. ತಲೆಬರಹ ಹಸಿರು ಬಣ್ಣದಲ್ಲಿರಬೇಕು. ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ತಾಸು ಮುಗಿಯಿತು. ಹತ್ತು ಜನ ಹೊರಗೆ ಬಂದರು, ಅವಳು ಬರಲಿಲ್ಲ.

ಐದು ನಿಮಿಷದ ಮೇಲೆ ಜವಾನ ಬಾಗಿಲಿನಿಂದ ತಲೆ ಹಾಕಿದ. “ಆಳಂದದ ಅಕ್ಕೋರು ಯಾರ್ರಿ? ಒಳಗ ಬರ್ಬೇಕಂತ್ರಿ. ನಿಮ್ಮ ಹುಡುಗಿ ಕಾಪಿ ಹೊಡದಾಳಂತ.”

ಒಳಗೆ ಮೂವರಿದ್ದರು. ಮೇಜಿನ ಹಿಂದೆ ಅಧ್ಯಕ್ಷರು, ಬೇಳೆ ಗಿರಣಿಯಲ್ಲಿ ಕೂದಲು ನರೆಸಿದ ಮನುಷ್ಯ. ಅವರ ಪಕ್ಕದಲ್ಲಿ ನಿಂತ ಪರೀಕ್ಷಕರು, ಕಲಬುರಗಿಯಿಂದ ಕರೆಸಿದ್ದ ಎಂಜಿನಿಯರು. ಕಂಪ್ಯೂಟರಿನ ಮುಂದೆ ಅವಳು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು.

ಪರೀಕ್ಷಕರು ಪರದೆಯನ್ನು ನನ್ನ ಕಡೆ ತಿರುಗಿಸಿದರು. “ನೀವೇ ನೋಡ್ರಿ ಮೇಡಂ. ಕಳ್ಳತನ ಮಾಡಿದವ್ರು ಗೋಡಿ ಮ್ಯಾಲ ಹೆಸರು ಬರೆದಿಟ್ಟು ಹೋಗೋದು ನಾ ಇವತ್ತೇ ನೋಡಿದ್ದು.”

ತೊಗರಿ ಬೇಳೆಯ ಪುಟದ ನೆತ್ತಿಯ ಮೇಲೆ, ಎಲ್ಲಕ್ಕಿಂತ ಮೊದಲು, ದಪ್ಪಗೆ ಒಂದು ಪದ: ನಕಲು. ಅದರ ಕೆಳಗೆ ಒಂದು, ಎರಡು, ಮೂರು ಎಂದು ಅಂಕಿಗಳು ಅಲ್ಲಲ್ಲಿ ಚೆಲ್ಲಿದಂತೆ. ತಲೆಬರಹ ಹಸಿರಾಗಿರಲಿಲ್ಲ, ಕರಿದಾಗಿಯೇ ಇತ್ತು.

ನೋಡಿದ ಕ್ಷಣಕ್ಕೇ ಅದು ನನ್ನ ಗುಂಡಿ ಎಂದು ನನಗೆ ಗೊತ್ತಾಯಿತು. ಉಳಿದ ಯಾರಿಗೂ ಗೊತ್ತಿರಲಿಲ್ಲ.

“ಇದು ಯಾವುದೋ ಸೈಟಿನಿಂದ ಎತ್ತಿ ಅಂಟಿಸಿದ್ದು. ಸಾಲಿನ ನಂಬರ್ ಸುದ್ದಾ ಬಂದಾವು, ಬಟನ್ ಮ್ಯಾಲಿನ ಅಕ್ಷರ ಸುದ್ದಾ ಬಂದದ,” ಎಂದರು ಪರೀಕ್ಷಕರು. “ನಿಯಮ ಮೊದಲೇ ಹೇಳೇವಿ. ಕಾಪಿ ಹೊಡೆದವ್ರ ಹೆಸರು ಬೋರ್ಡಿಗೆ. ಮುಂದ ಈ ಕಂಪನಿಯ ಯಾವ ಕೆಲಸಕ್ಕೂ ಅವ್ರು ಬರೋಹಂಗಿಲ್ಲ.”

ಟೈಪ್ ಮಾಡಿದ ನೋಟಿಸು ಮೇಜಿನ ಮೇಲಿತ್ತು. ಹೆಸರಿನ ಜಾಗ ಖಾಲಿ ಇತ್ತು. ಆ ಬೋರ್ಡು ಇರುವುದು ಕಂಪನಿಯ ಗೇಟಿನ ಬಳಿ. ಮೂರು ತಾಲೂಕಿನ ರೈತರು ಚೀಲ ಇಳಿಸುವಾಗ ನಿಂತು ಓದುವ ಬೋರ್ಡು. ಕೆಲಸ ಹೋದರೆ ಇನ್ನೊಂದು ಸಿಗಬಹುದು. ಆ ಬೋರ್ಡಿನ ಮೇಲೆ ಹೆಸರು ಬಂದರೆ ಅದನ್ನು ಅವಳು ಊರಿಗೆ ಹೊತ್ತುಕೊಂಡು ಹೋಗಬೇಕು.

ನಾನು ಮಾಡಿದ ಮೊದಲ ಕೆಲಸ ಇಂದಿಗೂ ನನಗೆ ಚುಚ್ಚುತ್ತದೆ. ಚೌಕಾಶಿಗೆ ಇಳಿದೆ.

“ಸರ್, ಮೊದಲನೇ ಸಲ. ಹತ್ತು ಮಾರ್ಕ್ಸ್ ಕಡಿದು ಬಿಟ್ಟುಬಿಡ್ರಿ. ಬೋರ್ಡು ಗೀರ್ಡು ಬ್ಯಾಡ. ನಡುವಿನ್ಯಾಗ ಬಗಿಹರಿಸೋಣು.”

ಪರೀಕ್ಷಕರು ಅಧ್ಯಕ್ಷರ ಕಡೆ ತಿರುಗಿದರು. “ಕೇಳಿದ್ರಿಲ್ಲೋ? ಮಾಡ್ಯಾಳ ಅಂತ ಅವ್ರ ಟೀಚರೇ ಒಪ್ಪಿದಂಗಾತು.”

ಅವಳು ತಿರುಗಿ ನನ್ನನ್ನು ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ. ಸಂತೆಯಲ್ಲಿ ತಕ್ಕಡಿ ಹಿಡಿದವರ ಕೈ ತೂಗುವಾಗ ಯಾವ ಕಡೆ ಬಾಗಿತು ಎಂದು ನೋಡುತ್ತೇವಲ್ಲ, ಆ ಥರದ ನೋಟ.

ಮೂವತ್ತು ವರ್ಷ ಕೊಟ್ಟು ಕೊಂಡ ಬುದ್ಧಿ ನನ್ನದು. ಬೆಲೆ ಇಳಿಸಿ ಕೇಳಿದರೆ ಎದುರಿಗಿದ್ದವನು ಸ್ವಲ್ಪ ಬಗ್ಗುತ್ತಾನೆ ಎಂಬುದು ಬಿಟ್ಟು ಬೇರೆ ಗೊತ್ತಿರಲಿಲ್ಲ. ಇಳಿಸಿ ಕೇಳುವುದೇ ತಪ್ಪೊಪ್ಪಿಗೆಯಾಗುವ ಜಾಗವೂ ಇದೆ ಎಂದು ಆವತ್ತು ತಿಳಿಯಿತು. ಬಾಯಿ ಮುಚ್ಚಿ ಹೊರಗೆ ಹೋದರೆ ಪಾಠ ಕೊಳ್ಳುವ ಮಾತು ಉಳಿಯುತ್ತಿತ್ತು. ತಪ್ಪು ನನ್ನದೆಂದರೆ ಅದು ಹೋಗುತ್ತಿತ್ತು. ಅಷ್ಟು ಲೆಕ್ಕ ಹಾಕಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

“ಸರ್, ಆ ಗುಂಡಿ ನಂದು,” ಎಂದೆ. “ನನ್ನ ಸೈಟಿನ್ಯಾಗ ಇರೋದು. ಅಕಿ ಕದ್ದಿಲ್ಲ. ನಾ ಕಲಿಸಿದಂಗ ಹೊಡದಾಳ.”

ನನ್ನ ಮೊಬೈಲಿನಲ್ಲಿ ಪಾಠ ತೆರೆದು ತೋರಿಸಿದೆ. ಕರಿ ಪೆಟ್ಟಿಗೆ, ಒಳಗೆ ಬಿಳಿ ಅಂಕಿ, ಬಿಳಿ ಕೋಡ್, ಮೇಲಿನ ಮೂಲೆಯಲ್ಲಿ ಬಿಳಿ ಅಕ್ಷರದ ‘ನಕಲು’. ಅಧ್ಯಕ್ಷರು ಕನ್ನಡಕ ಏರಿಸಿ ನೋಡಿದರು. ಇದರಿಂದ ಕೆಲಸ ಹಸನಾಗುತ್ತದೆ ಎಂದುಕೊಂಡಿದ್ದೆ. ಇನ್ನೂ ಕೆಟ್ಟಿತು.

“ಹಂಗಾದ್ರ ನಿಮ್ಮ ಸೈಟಿನಿಂದನೇ ಎತ್ಯಾಳ ಅಂದಂಗಾತು,” ಎಂದರು ಪರೀಕ್ಷಕರು. “ಎಲ್ಲಿಂದ ಅಂತ ಗೊತ್ತಿರಲಿಲ್ಲ. ನೀವೇ ಹೇಳಿದ್ರಿ, ಚೊಲೋ ಆತು.”

“ಇಲ್ರಿ. ಗುಂಡಿ ಒತ್ತಿ ಎತ್ತಿದ್ರ ಅಂಕಿ ಬರಂಗಿಲ್ಲ.” ಒತ್ತಿ ತೋರಿಸಿದೆ. ಬರೀ ಕೋಡ್ ಬಂತು.

ಅವರು ಮೊಬೈಲ್ ಇಸಿದುಕೊಂಡು, ಗುಂಡಿ ಒತ್ತದೆ, ಬೆರಳಿನಿಂದ ಎಳೆದು ಪೆಟ್ಟಿಗೆಯೊಳಗಿನದನ್ನೆಲ್ಲ ಆರಿಸಿ ಅಂಟಿಸಿದರು. ಅಂಕಿಯೂ ಬಂತು, ‘ನಕಲು’ ಎಂಬುದೂ ಬಂತು. ಆಮೇಲೆ ಮೊಬೈಲನ್ನು ನನ್ನ ಕೈಗೆ ಕೊಟ್ಟರು. ಅಗ್ಗದ ಪೆಟ್ಟಿಗೆ ಅವಳ ವಿರುದ್ಧ ಸಾಕ್ಷಿ ಹೇಳಿ ಮುಗಿಸಿತ್ತು.

ಅಧ್ಯಕ್ಷರು ಪೆನ್ನು ತೆಗೆದರು. “ತಂಗಿ, ನಿನ್ನ ಪೂರ್ತಿ ಹೆಸರು ಹೇಳವಾ.”

ಅವಳು ಹೆಸರು ಹೇಳಲಿಲ್ಲ. “ನನ್ನ ನೋಟ್‌ಬುಕ್ ತರಸ್ರಿ,” ಎಂದಳು.

ಜವಾನ ತಂದ. ಇನ್ನೂರು ಪುಟದ್ದು, ಅಂಚಿಗೆ ಹಿಟ್ಟಿನ ಕಲೆ. ಪರೀಕ್ಷಕರು ಒಂದೊಂದೇ ಹಾಳೆ ಮಗುಚಿದರು. ಪ್ರತಿ ಪಾಠವೂ ನೀಲಿ ಪೆನ್ನಿನಲ್ಲಿ, ಸ್ಕೇಲು ಹಿಡಿದು ಎಳೆದ ಚೌಕದೊಳಗೆ. ಪ್ರತಿ ಸಾಲಿನ ಮುಂದೆ ಅಂಕಿ. ಪ್ರತಿ ಚೌಕದ ಮೇಲಿನ ಮೂಲೆಯಲ್ಲಿ ಗುಂಡಾದ ಅಕ್ಷರದಲ್ಲಿ ‘ನಕಲು’. ಒಂದು ಕಡೆ ಆ ಪದ ಮರೆತಿದ್ದಳೇನೋ, ಆಮೇಲೆ ಕೆಂಪು ಪೆನ್ನಿನಲ್ಲಿ ಸೇರಿಸಿದ್ದಳು. ನಾನು ಅದನ್ನು ನೋಡಲಾಗದೆ ಕಿಟಕಿಯ ಕಡೆ ತಿರುಗಿದೆ.

“ಈ ಪದ ಯಾಕ ಬರದಿ ತಂಗಿ?” ಅಧ್ಯಕ್ಷರು ಕೇಳಿದರು. “ಓದಿದ್ರ ಗೊತ್ತಾಗಂಗಿಲ್ಲೇನು, ನಕಲು ಅಂದ್ರ ಏನಂತ?”

“ಗೊತ್ತಾಗ್ತದ್ರಿ. ನನಗೂ ಕಸಿವಿಸಿ ಆಗಿತ್ತು. ಆದ್ರ ಕಾಗದ ಬರಿಯೋಮುಂದ ಮ್ಯಾಲ ಶ್ರೀ ಅಂತ ಹಾಕ್ತೇವಲ್ರಿ, ಕಂಪ್ಯೂಟರಿಗೆ ಹಿಂಗ ಹಾಕ್ಬೇಕೇನೋ ಅನ್ಕೊಂಡೆ. ಪೆಟ್ಟಿಗ್ಯಾಗ ಇರೋದು ಒಂದು ಚುಕ್ಕಿನೂ ಬಿಡಬಾರ್ದು ಅಂತ ಅಕ್ಕೋರು ಹೇಳಿದ್ರು.”

ಅಧ್ಯಕ್ಷರಿಗೆ ನಗು ಬಂದು, ಕೆಮ್ಮಿನಂತೆ ಮಾಡಿ ನುಂಗಿಕೊಂಡರು. ಪರೀಕ್ಷಕರು ನಗಲಿಲ್ಲ. ಆದರೆ ನೋಟ್‌ಬುಕ್ ಮುಚ್ಚಿ ಪರದೆಯ ಕಡೆ ಬಾಗಿ, ಬೆರಳಿಟ್ಟು ಏನನ್ನೋ ಎಣಿಸತೊಡಗಿದರು. ನನ್ನ ಮೊಬೈಲನ್ನು ಮತ್ತೆ ಇಸಿದುಕೊಂಡರು. ಅದರ ಮೇಲೂ ಎಣಿಸಿದರು.

“ಸೈಟಿನ್ಯಾಗ ಹದಿನೇಳು ಸಾಲು ಅದಾವು,” ಎಂದರು ಕೊನೆಗೆ, ತಮಗೆ ತಾವೇ ಹೇಳಿಕೊಂಡಂತೆ. “ಇಲ್ಲಿ ಮೂವತ್ತೊಂದು ಅದಾವು. ಹದಿನೆಂಟರಿಂದ ಮುಂದಿನ ನಂಬರು ಎಲ್ಲಿಂದ ಬಂದ್ವು?”

“ನಾ ಎಣಿಸಿ ಹಾಕೇನ್ರಿ,” ಎಂದಳು. “ಬ್ಯಾಳಿ ವಿಷಯ ಜಾಸ್ತಿ ಇತ್ತು. ಸಾಲು ಜಾಸ್ತಿ ಆದ್ವು.”

ಕದ್ದು ಅಂಟಿಸಿದವರು ತಾವು ಹೊಸದಾಗಿ ಬರೆದ ಸಾಲಿಗೂ ಅಂಕಿ ಹಾಕುತ್ತಾ ಕೂಡುವುದಿಲ್ಲ. ಅದು ಪರೀಕ್ಷಕರಿಗೂ ಗೊತ್ತಾಯಿತು. ಆ ಮನುಷ್ಯ ಬಿರುಸು, ಆದರೆ ಹಟಮಾರಿಯಲ್ಲ. ನೋಟಿಸನ್ನು ಪಕ್ಕಕ್ಕೆ ಸರಿಸಿದರು, ಹರಿಯಲಿಲ್ಲ, ಸರಿಸಿದರಷ್ಟೇ.

“ಬಾಯಿಪಾಠ ಮಾಡ್ಯಾರ, ಒಪ್ಪಿದೆ. ಅರ್ಥ ಆಗಿ ಬರದಾರೋ ಇಲ್ಲೋ ಅದು ಬ್ಯಾರೆ ಮಾತು. ಹದಿನೈದು ನಿಮಿಷ ಕೊಡ್ತೇನಿ. ನನ್ನ ಮುಂದ, ಖಾಲಿ ಪರದೆಯಿಂದ. ತಲೆಬರಹ ಹಸಿರು ಆಗ್ಬೇಕು. ಆಗ್ಲಿಲ್ಲಂದ್ರ ಈ ಕಾಗದ ಬೋರ್ಡಿಗೆ ಹೋಗ್ತದ. ಮೇಡಂ, ನೀವು ಬಾಯಿ ಬಿಡಬಾರದು.”

ಅವಳಿಗೆ ಕೋಡಿನ ಅರ್ಥ ಗೊತ್ತಿದೆಯೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಬಣ್ಣ ಹೇಳುವ ಸಾಲಿನ ಮುಂದೆ ಅಂಕಿ ಬಂದರೆ ಬ್ರೌಸರ್ ಆ ಸಾಲನ್ನೇ ಬಿಟ್ಟುಬಿಡುತ್ತದೆ. ತಲೆಬರಹ ಕರಿದಾಗಿ ಉಳಿದದ್ದು ಅದಕ್ಕೆ. ಒಂದೇ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಹೇಳುವ ಹಾಗಿರಲಿಲ್ಲ.

ಅವಳು ಕೀಲಿಮಣೆಯ ಮೇಲೆ ಕೈ ಇಟ್ಟಳು. ಕೋಡ್ ಶುರುವಾಗುವ ಕೋನಕಂಸದ ಚಿಹ್ನೆ ಹೊಡೆಯುವ ಮೊದಲು ಒಂದು ಅಂಕಿ ಹೊಡೆದಳು. ನಿಂತಳು. ಒಂದು ನಿಮಿಷ ಹೋಯಿತು. ಆ ಅಂಕಿಯನ್ನು ಅಳಿಸಿದಳು, ಮತ್ತೆ ಹೊಡೆದಳು. ಅಧ್ಯಕ್ಷರ ಗಡಿಯಾರದಲ್ಲಿ ಎರಡನೇ ನಿಮಿಷವೂ ಹೋಯಿತು.

“ಸರ್, ಒಂದು ಕೇಳಲೇನ್ರಿ?” ಪರೀಕ್ಷಕರನ್ನು ಕೇಳಿದಳು, ನನ್ನನ್ನಲ್ಲ. “ಈ ಅಂಕಿ ಯಾರಿಗೆ ಬೇಕ್ರಿ? ಕಂಪ್ಯೂಟರಿಗೋ, ಓದವ್ರಿಗೋ?”

ಅವರು ಪರದೆಯಿಂದ ಕಣ್ಣು ತೆಗೆದರು. “ನಿಮಗೇನನಸ್ತದ?”

“ಓದವ್ರಿಗೆ ಅನಸ್ತದ್ರಿ. ಪೇಜಿನ್ಯಾಗ ಕಾಣಸಾಕತ್ತಾವಲ್ಲ, ಕಂಪ್ಯೂಟರಿಗೆ ಬೇಕಾಗಿದ್ರ ಅದು ನುಂಗ್ತಿತ್ತು, ತೋರಸ್ತಿರಲಿಲ್ಲ.”

“ಹಂಗಾದ್ರ ನಿಮಗ ತಿಳದಂಗ ಮಾಡ್ರಿ.”

ಅಳಿಸಿದಳು. ಅಲ್ಲಿಂದ ಮುಂದೆ ಬೆರಳು ನಡೆದವು. ಆದರೆ ತುಟಿ ಸುಮ್ಮನಿರಲಿಲ್ಲ. ಒಂದು, ಎರಡು, ಮೂರು ಎಂದು ಪ್ರತಿ ಸಾಲಿಗೂ ಬಾಯಲ್ಲಿ ಎಣಿಸುತ್ತಾ, ಕೈಯಲ್ಲಿ ಅಂಕಿ ಬಿಡುತ್ತಾ ಹೋದಳು. ಬಾಯಿಪಾಠದ ದಾರಿ ಅವಳಿಗೆ ಅಂಕಿ ಹಿಡಿದೇ ಗೊತ್ತಿತ್ತು. ಒಂಬತ್ತನೇ ಸಾಲಿನಲ್ಲಿ ಒಂದು ಕಂಸ ಮುಚ್ಚುವುದನ್ನು ಬಿಟ್ಟಳು. ನಾನು ಕಂಡೆ. ಪರೀಕ್ಷಕರೂ ಕಂಡರು, ನನ್ನ ಕಡೆ ಕಣ್ಣು ಬಿಟ್ಟು ನೋಡಿದರು. ನಾನು ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ. ಹನ್ನೆರಡನೇ ಸಾಲಿಗೆ ಹೋದವಳು ತಡೆದು, ಹಿಂದಕ್ಕೆ ಬಂದು, ಕಂಸ ಮುಚ್ಚಿದಳು.

ಹದಿನಾಲ್ಕನೇ ನಿಮಿಷಕ್ಕೆ ಪುಟ ತೆರೆದಳು. ‘ನಮ್ಮ ತೊಗರಿ ಬೇಳೆ’ ಎಂಬ ತಲೆಬರಹ ಹಸಿರಾಗಿತ್ತು. ಎಳೆ ಕಾಯಿಯ ಹಸಿರು.

“ಈಗ ಅದನ್ನ ಹಳದಿ ಮಾಡ್ರಿ,” ಎಂದರು ಪರೀಕ್ಷಕರು. ಮಾಡಿದಳು. “ದೊಡ್ಡದು ಮಾಡ್ರಿ.” ಮಾಡಿದಳು. ಆಮೇಲೆ ಅವರು ನೋಟಿಸನ್ನು ಎರಡಾಗಿ ಹರಿದರು.

ಅಧ್ಯಕ್ಷರು ನನ್ನ ಕಡೆ ತಿರುಗಿದರು. “ಮೇಡಂನೋರ, ನಿಮ್ಮ ಪಾಠದ ಮಾತು ಈಗ ಬ್ಯಾಡ್ರಿ. ಮೊದಲು ಆ ಪೆಟ್ಟಿಗಿ ನೆಟ್ಟಗ ಮಾಡ್ರಿ.” ಅದಕ್ಕೆ ನಾನು ಯಾವ ಚೌಕಾಶಿಯನ್ನೂ ಮಾಡಲಿಲ್ಲ.

ಹೊರಗೆ ಬಂದ ಮೇಲೆ ಅವಳು ನನಗೆ ಕೃತಜ್ಞತೆ ಹೇಳುತ್ತಾಳೆ ಎಂದುಕೊಂಡಿದ್ದರೆ ಅದು ನನ್ನ ದಡ್ಡತನ. ಚಹಾದಂಗಡಿಗೆ ಹೋದೆವು. ಚಹಾ ಬಂದ ಮೇಲೆ ಕೇಳಿದಳು.

“ಹತ್ತು ಮಾರ್ಕ್ಸ್ ಕಡೀರಿ ಅಂದ್ರಲ್ಲ ಅಕ್ಕೋರೆ. ನಾ ಕದ್ದೇನಿ ಅಂತ ನಿಮಗೂ ಅನಸಿತ್ತೇನು?”

ಸುಳ್ಳು ಹೇಳಬಹುದಿತ್ತು. “ಇಲ್ಲವಾ. ಗುಂಡಿ ನಂದು ಅಂತ ಆಗ್ಲೇ ಗೊತ್ತಾಗಿತ್ತು.”

“ಗೊತ್ತಿದ್ದೂ ಹಂಗ ಅಂದ್ರೇನ್ರಿ?”

“ಹ್ಞೂಂ.”

ಅವಳು ಬಶಿಯಲ್ಲಿ ಚಹಾ ಸುರಿದು ಊದಿದಳು. “ಕದ್ದೇನಿ ಅಂತ ಅನಸಿತ್ತು ಅಂದಿದ್ರ ಚೊಲೋ ಇತ್ರಿ,” ಎಂದಳು.

ಕೆಲಸ ಅವಳಿಗೇ ಆಯಿತು. ಈಗ ಅಫಜಲಪುರದಲ್ಲಿದ್ದಾಳೆ. ನಾನು ಬುಧವಾರ ಅಲ್ಲಿಗೆ ಹೋದರೆ ಕೆಲವು ಸಲ ಬಂದು ಮಾತಾಡಿಸುತ್ತಾಳೆ, ಕೆಲವು ಸಲ ಬರುವುದಿಲ್ಲ.

ವಿನ್ಯಾಸಗಾರನಿಗೆ ಫೋನ್ ಮಾಡಿ ಅವನು ಮೊದಲು ಹೇಳಿದಂತೆಯೇ ಪೆಟ್ಟಿಗೆ ಮಾಡಿಕೊಡಲು ಹೇಳಿದೆ. ಅವನು ಹೇಳಿದ ಬೆಲೆಗೆ ಹ್ಞೂಂ ಎಂದಾಗ ಅವನಿಗೇ ಅನುಮಾನ ಬಂತು. “ಮೇಡಂ, ಆರಾಮ ಅದೀರಲ್ಲ?”

ನೀವೂ ಪಾಠ ಬರೆಯುವವರಾಗಿದ್ದರೆ, ಕನ್ನಡದಲ್ಲಿ ಕಂಪ್ಯೂಟರ್ ಕಲಿಸುವ ಹುಮ್ಮಸ್ಸು ನಿಮಗೂ ಇದ್ದರೆ, ನಾನು ಕಂಡದ್ದನ್ನು ಹೇಳುತ್ತೇನೆ, ಕೇಳಿ. ಪೆಟ್ಟಿಗೆಯನ್ನು ಚಂದ ಮಾಡುವುದು ಅಲಂಕಾರದ ಮಾತಲ್ಲ. ಯಾವುದನ್ನು ಕೈಯಿಂದ ಹೊಡೆಯಬೇಕು, ಯಾವುದನ್ನು ಬರೀ ಕಣ್ಣಿಂದ ನೋಡಬೇಕು ಎಂದು ಓದುಗನಿಗೆ ಕೇಳದೆಯೇ ತಿಳಿಯುವಂತಿರಬೇಕು, ಅಷ್ಟೇ ಅದರ ಕೆಲಸ. ಸಾಲಿನ ಅಂಕಿಯನ್ನು ಕೋಡಿನ ಜೊತೆ ಹೊಡೆದು ಇಡಬೇಡಿ. ಪುಟದ ಅಂದ ಹೇಳುವ ಶೈಲಿ ಕಡತದಿಂದ ತಾನಾಗಿ ಬರುವಂತೆ ಮಾಡಿಸಿ, ಬೆರಳು ಎಳೆದರೂ ಆಯ್ಕೆಗೆ ಸಿಗದಂತೆ ಮಾಡಿಸಿ, ನಡುವೆ ಒಂದು ಗೆರೆ ಇರಲಿ. ಗುಂಡಿ ಪೆಟ್ಟಿಗೆಯ ಹೊರಗಿರಲಿ, ಗುಂಡಿಯಂತೆಯೇ ಕಾಣಲಿ. ಅದರ ಮೇಲೆ ‘ಕೋಡ್ ತೆಗೆದುಕೊಳ್ಳಿ’ ಎಂದು ಬರೆಯಿರಿ. ನಿಮ್ಮ ಊರಿನಲ್ಲಿ ಒಂದು ಪದಕ್ಕೆ ಎರಡು ಅರ್ಥವಿದ್ದರೆ ಆ ಪದದ ಗೊಡವೆಗೆ ಹೋಗಬೇಡಿ.

ಬಣ್ಣ ಹಾಕಿಸುವಾಗ ಆಸೆಪಡಬೇಡಿ. ಹತ್ತು ಬಣ್ಣ ಇದ್ದರೆ ಯಾವುದೂ ಎದ್ದು ಕಾಣುವುದಿಲ್ಲ. ಈ ಪಾಠದಲ್ಲಿ ಹೊಸದಾಗಿ ಸೇರಿಸಿದ ಸಾಲು ಯಾವುದೋ ಅದರ ಹಿಂದೆ ಮಾತ್ರ ತೆಳು ಹಳದಿ ಕೊಡಿ. ನಮ್ಮ ಕಡೆಯ ಬಿಸಿಲಿನಲ್ಲಿ ಮೊಬೈಲ್ ಹಿಡಿದು ನೋಡಿ. ಬೂದಿ ಬಣ್ಣದ ಹಿನ್ನೆಲೆಯ ಮೇಲೆ ಬೂದಿ ಅಕ್ಷರ ಆಫೀಸಿನೊಳಗೆ ಕಂಡರೂ ಹೊರಗೆ ಕಾಣುವುದಿಲ್ಲ. ಸೊನ್ನೆಗೂ ಇಂಗ್ಲಿಷಿನ ‘ಓ’ಗೂ, ಒಂದಕ್ಕೂ ‘ಎಲ್’ಗೂ ವ್ಯತ್ಯಾಸ ಕಾಣುವ ಅಕ್ಷರ ಆರಿಸಿ. ಪೆಟ್ಟಿಗೆಯೊಳಗೆ ಕನ್ನಡ ಬಂದರೆ ಸಾಲುಗಳ ನಡುವೆ ಜಾಗ ಹೆಚ್ಚಿಸಿ, ಇಲ್ಲದಿದ್ದರೆ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. ಉದ್ದ ಸಾಲನ್ನು ಮುರಿಯಬೇಡಿ, ಪಕ್ಕಕ್ಕೆ ಸರಿಸಿ ಓದುವಂತೆ ಬಿಡಿ. ಮುರಿದರೆ ಕೈಯಲ್ಲಿ ಬರೆದುಕೊಳ್ಳುವವರು ಅದನ್ನು ಎರಡು ಸಾಲು ಎಂದು ತಿಳಿಯುತ್ತಾರೆ. ಉದ್ಧರಣ ಚಿಹ್ನೆ ನೆಟ್ಟಗಿದೆಯೇ ನೋಡಿಕೊಳ್ಳಿ. ಬಾಗಿದ್ದರೆ ಕೋಡ್ ನಡೆಯುವುದಿಲ್ಲ, ಬೈಗುಳ ಬೀಳುವುದು ಕಲಿಯುವವರಿಗೆ.

ಬೆಲೆ ಇಳಿಸಿ ಕೇಳುವುದನ್ನು ಬಿಡಿ ಎಂದು ನಾನು ಹೇಳುವುದಿಲ್ಲ, ನಾನೇ ಬಿಟ್ಟಿಲ್ಲ. ಆದರೆ ಇಳಿಸಿದ ಕೂಡಲೇ ಇನ್ನೊಂದು ಪ್ರಶ್ನೆ ಕೇಳಿ: ಇಷ್ಟಕ್ಕೆ ಏನು ಕಡಿಮೆಯಾಯಿತು, ಅದು ಯಾರ ತಲೆಯ ಮೇಲೆ ಬೀಳುತ್ತದೆ? ಉತ್ತರ ನಿಮ್ಮ ತಲೆ ಎಂದಾದರೆ ವ್ಯಾಪಾರ ಮುಗಿಸಿ. ಕಲಿಯುವವರ ತಲೆ ಎಂದಾದರೆ ಪೂರ್ತಿ ಬೆಲೆ ಕೊಡಿ.

ಪಾಠ ಹಾಕುವ ಮೊದಲು ಕಂಪ್ಯೂಟರ್ ಗೊತ್ತಿಲ್ಲದ ಒಬ್ಬರಿಗೆ ಮೊಬೈಲಿನಲ್ಲಿ ತೋರಿಸಿ, ಪೆಟ್ಟಿಗೆಯಲ್ಲಿರುವುದನ್ನು ಕಾಗದದ ಮೇಲೆ ಬರೆಯಲು ಹೇಳಿ. ಕಾಗದದಲ್ಲಿ ಕೋಡ್ ಅಲ್ಲದ್ದು ಏನಾದರೂ ಬಂದಿದ್ದರೆ ಅವರನ್ನು ತಿದ್ದಬೇಡಿ, ಪೆಟ್ಟಿಗೆಯನ್ನು ತಿದ್ದಿ. ತಿದ್ದಿದ ಮೇಲೆ ಕೈ ಕಟ್ಟಿ ಕೂಡಬೇಡಿ. ತಾಣ ಹೊಸದಾದರೂ ನಿಮ್ಮ ಹಳೆಯ ವಿದ್ಯಾರ್ಥಿಗಳ ನೋಟ್‌ಬುಕ್ಕುಗಳಲ್ಲಿ ಹಳೆಯ ಪೆಟ್ಟಿಗೆಯೇ ಇರುತ್ತದೆ. ಒಬ್ಬೊಬ್ಬರಿಗೂ ಫೋನ್ ಮಾಡಿ, ಯಾವುದನ್ನು ಗೆರೆ ಎಳೆದು ಅಳಿಸಬೇಕೆಂದು ಹೇಳಿ, ತಪ್ಪು ಯಾರದೆಂಬುದನ್ನೂ ಅದೇ ಮಾತಿನಲ್ಲಿ ಹೇಳಿಬಿಡಿ.